ಉಗುಳಿನ ಡಬ್ಬಿ, ರಕ್ತದ ರಿಪೋರ್ಟು, ಬೆರಳ ತುದಿಯ ಹನಿ: ನಮ್ಮ ತಾಟಿನ ಊಟಕ್ಕೆ ಯಾವುದನ್ನು ಕೇಳಬೇಕು?

ಹೋದ ತಿಂಗಳು ಹಾವೇರಿಯಿಂದ ನನ್ನ ತಮ್ಮ ಫೋನ್ ಮಾಡಿದ. "ಅಕ್ಕಾ, ಡಬ್ಬ್ಯಾಗ ಉಗುಳಿ ಕಳಿಸಿದ್ರ ಜೀನ್ ನೋಡಿ ನನಗ ಯಾವ ಊಟ ಹಿಡಸತೈತಿ ಅಂತ ಬರದ ಕೊಡ್ತಾರಂತ. ಹದಿನಾಲ್ಕ ಸಾವಿರ. ಮಾಡಸ್ಲೇನು?"

ಅವನಿಗೀಗ ನಲವತ್ತೊಂದು. ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ಅಪ್ಪನಿಗೆ ನಲವತ್ನಾಲ್ಕಕ್ಕೇ ಸಕ್ಕರೆ ಕಾಯಿಲೆ ಬಂತು, ಅರವತ್ತರ ಹೊತ್ತಿಗೆ ಕಾಲಿನ ಎರಡು ಬೆರಳು ಹೋದವು. ಅಪ್ಪನ ಬೆನ್ನಿಗೆ ಹುಟ್ಟಿದ ಕಾಕಾ ಅದೇ ಮನೆಯ ಜೋಳದ ರೊಟ್ಟಿ, ಅದೇ ಗೋಧಿ ಹುಗ್ಗಿ, ಅದೇ ಹೋಳಿಗೆ ಉಂಡು ಎಪ್ಪತ್ತಾರರಲ್ಲೂ ಸಕ್ಕರೆಯ ಗುಳಿಗೆ ಮುಟ್ಟಿಲ್ಲ. ಇದನ್ನು ಚಿಕ್ಕಂದಿನಿಂದ ಕಂಡವನಿಗೆ "ನಿನ್ನ ಜೀನಿಗೆ ತಕ್ಕ ಊಟ" ಅನ್ನುವ ಮಾತು ಎದೆಗೆ ತಾಗದೆ ಇರುತ್ತದೆಯೇ?

ಧಾರವಾಡದ ಪಿಯು ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು. ಫೋನಿನಲ್ಲಿ ಅವನಿಗೆ ಹೇಳಿದ್ದು ಸಾಲದೆನಿಸಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಮುಂದೆ ಈಗ ಐದು ದಾರಿ ಇವೆ: ಜೀನ್ ಪರೀಕ್ಷೆ, ಸಾಮಾನ್ಯ ರಕ್ತ ಪರೀಕ್ಷೆ, ಮನೆಯ ಗ್ಲುಕೋಮೀಟರ್ ಅಥವಾ ತೋಳಿನ ಸೆನ್ಸರ್, ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆ, ಆಹಾರ ತಜ್ಞರ ಸಲಹೆ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ನಮ್ಮ ಪ್ರಶ್ನೆ ಯಾವುದೆಂದು ನಮಗೇ ಗೊತ್ತಿಲ್ಲದೆ ಅಂಗಡಿಗೆ ಹೋದರೆ ದುಡ್ಡು ಹೋಗಿ ಗೊಂದಲ ಉಳಿಯುತ್ತದೆ.

ಒಂದೇ ಜೀನು ಊಟ ನಿರ್ಧರಿಸುವ ಕಡೆ

ಒಂದು ಜೀನು ಕೆಟ್ಟರೆ ಇಡೀ ಊಟವೇ ಬದಲಾಗಬೇಕಾದ ಕಾಯಿಲೆಗಳಿವೆ. ಫೀನೈಲ್‌ಕೀಟೋನೂರಿಯಾ ಅಂಥದ್ದು. 1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಇದನ್ನು ಗುರುತಿಸಿದರು. ಬೇಳೆ, ಹಾಲು, ಮೊಟ್ಟೆ ಎಲ್ಲದರ ಪ್ರೋಟೀನಿನಲ್ಲೂ ಇರುವ ಫೀನೈಲ್‌ಅಲನಿನ್ ಎಂಬ ಅಂಶವನ್ನು ಅರಗಿಸುವ ಕಿಣ್ವ ಈ ಮಕ್ಕಳಲ್ಲಿ ಕೆಲಸ ಮಾಡುವುದಿಲ್ಲ. ಅದು ರಕ್ತದಲ್ಲಿ ಏರುತ್ತ ಹೋಗಿ ಮಿದುಳನ್ನು ಕೆಡಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯ ಒಂದು ಹನಿ ರಕ್ತದಿಂದ ಪತ್ತೆಹಚ್ಚಿ, ಆ ಅಂಶವನ್ನು ಅಳೆದು ಕೊಡುವ ಊಟಕ್ಕೆ ಹಾಕಿದರೆ ಮಗು ಎಲ್ಲರಂತೆ ಬೆಳೆಯಬಲ್ಲದು. ಡಯಟ್ ಕೋಲಾದ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಈ ಕಾಯಿಲೆಯವರಿಗೆ ಎಚ್ಚರಿಕೆ ಇರುವುದು ಇದಕ್ಕೇ. ಅದಕ್ಕೆ ಹಾಕುವ ಆಸ್ಪರ್ಟೇಮ್‌ನಲ್ಲಿ ಫೀನೈಲ್‌ಅಲನಿನ್ ಇದೆ.

ನಮ್ಮ ಸೀಮೆಯ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಇಂಥ ಕಾಯಿಲೆಗಳು ಅಪ್ಪ ಅವ್ವ ಇಬ್ಬರಿಂದಲೂ ಜೀನಿನ ಕೆಟ್ಟ ಪ್ರತಿ ಬಂದಾಗ ಮಾತ್ರ ತಲೆ ಎತ್ತುತ್ತವೆ. ಒಂದೇ ಅಜ್ಜನ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ ಒಳಸಂಬಂಧದಲ್ಲಿ ಹೆಚ್ಚು. ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಮನೆಯಲ್ಲಿ ಕಾರಣ ತಿಳಿಯದೆ ಹಸುಗೂಸು ತೀರಿಹೋಗಿದ್ದರೆ, ಹಾಲು ಕುಡಿಸಿದಂತೆಲ್ಲ ಮಗು ಮಂಕಾಗುತ್ತಿದ್ದರೆ, ಆಗ ಜೀನ್ ಪರೀಕ್ಷೆಗೆ ಹಾಕುವ ಒಂದೊಂದು ರೂಪಾಯಿಗೂ ಬೆಲೆಯಿದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಕಡೆ ಈಗ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಮಕ್ಕಳ ವಿಭಾಗದ ವೈದ್ಯರ ಹತ್ತಿರ ಮನೆತನದ ಇತಿಹಾಸ ಪೂರ್ತಿ ಹೇಳಿ. ಮುಜುಗರ ಪಡಬೇಡಿ, ಅದರಿಂದಲೇ ದಾರಿ ತೆರೆಯುತ್ತದೆ.

ಇನ್ನೊಂದು ನನ್ನ ತಂಗಿಯದೇ ಕಥೆ. ಗದಗದಲ್ಲಿ ಅವಳಿಗೆ "ರಕ್ತ ಕಡಿಮೆ" ಎಂದು ಆರು ವರ್ಷ ಕಬ್ಬಿಣದ ಗುಳಿಗೆ ನುಂಗಿಸಿದರು. ಬೀಟ್‌ರೂಟು, ಖಜೂರ, ಬೆಲ್ಲ-ಶೇಂಗಾ ಏನು ತಿಂದರೂ ಹಿಮೋಗ್ಲೋಬಿನ್ ಹತ್ತು ದಾಟಲಿಲ್ಲ. "ನೀನ ಸರಿಯಾಗಿ ಉಣ್ಣೂದಿಲ್ಲ" ಎಂದು ಮನೆಯವರೆಲ್ಲ ಬೈದೆವು, ನಾನೂ ಬೈದೆ. ಕಡೆಗೆ ಒಬ್ಬ ವೈದ್ಯರು ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್ ಎಂಬ ರಕ್ತ ಪರೀಕ್ಷೆ ಬರೆದುಕೊಟ್ಟರು. ಥಲಸ್ಸೀಮಿಯಾ ಮೈನರ್. ಹಿಮೋಗ್ಲೋಬಿನ್ ಕಡಿಮೆ ಮಾಡುವ, ಹುಟ್ಟಿನಿಂದ ಬಂದ ಜೀನಿನ ಗುಣ. ಅವಳ ಮೈಯಲ್ಲಿ ಕಬ್ಬಿಣ ಬೇಕಾದಷ್ಟಿತ್ತು. ಭಾರತದಲ್ಲಿ ನೂರಕ್ಕೆ ಮೂರು-ನಾಲ್ಕು ಜನ ಇದರ ವಾಹಕರು. ಕಬ್ಬಿಣ ಕೊಟ್ಟರೂ ಏರದ ರಕ್ತಹೀನತೆ ನಿಮ್ಮ ಮನೆಯಲ್ಲಿದ್ದರೆ, ಇನ್ನೊಂದು ಡಬ್ಬಿ ಗುಳಿಗೆಗಿಂತ ಮೊದಲು ಫೆರಿಟಿನ್ (ಮೈ ಕೂಡಿಟ್ಟ ಕಬ್ಬಿಣದ ಅಳತೆ) ಮತ್ತು ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಮದುವೆಗೆ ಮೊದಲೇ ಗೊತ್ತಾದರೆ ಇನ್ನೂ ಒಳ್ಳೆಯದು. ಇಬ್ಬರು ವಾಹಕರಿಗೆ ಹುಟ್ಟುವ ಮಗುವಿಗೆ ಜೀವನಪೂರ್ತಿ ರಕ್ತ ಹಾಕಿಸಬೇಕಾದ ತೀವ್ರ ರೂಪ ಬರಬಹುದು. ಗಮನಿಸಿ: ಜೀನಿನ ಈ ಸುದ್ದಿ ತಿಳಿದದ್ದು ಸಾಮಾನ್ಯ ರಕ್ತ ಪರೀಕ್ಷೆಯಿಂದ, ಉಗುಳಿನ ಡಬ್ಬಿಯಿಂದಲ್ಲ.

ಹಾಲಿನದೂ ಹಾಗೇ. ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಜೀನಿನಿಂದ 13,910 ಡಿಎನ್ಎ ಅಕ್ಷರ ಹಿಂದೆ ಒಂದೇ ಒಂದು ಅಕ್ಷರ ಬದಲಾದವರಿಗೆ ದೊಡ್ಡವರಾದ ಮೇಲೂ ಹಾಲು ಅರಗುತ್ತದೆ. ಭಾರತದಲ್ಲಿ ಈ ಬದಲಾವಣೆ ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ ಎಂದು 2012ರ ಅಧ್ಯಯನವೊಂದು ತೋರಿಸಿತು. ನಿಮಗೆ ಹಾಲು ಆಗುತ್ತದೋ ಇಲ್ಲವೋ ತಿಳಿಯಲು ಸಾವಿರಾರು ರೂಪಾಯಿ ಬೇಕಿಲ್ಲ. ಎರಡು ವಾರ ಹಾಲು ಬಿಟ್ಟು ನೋಡಿ, ಮತ್ತೆ ಒಂದು ಲೋಟ ಕುಡಿದು ನೋಡಿ. ಹೊಟ್ಟೆ ಉಬ್ಬರಿಸಿದರೆ ಮೊಸರು, ಮಜ್ಜಿಗೆಗೆ ಬನ್ನಿ, ಹೆಪ್ಪಾಗುವಾಗ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಒಂದಷ್ಟು ಕಡಿಮೆಯಾಗಿರುತ್ತದೆ.

ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಗೆ ಎಚ್‌ಎಲ್‌ಎ-ಡಿಕ್ಯು2 ಅಥವಾ ಡಿಕ್ಯು8 ಜೀನು ಬೇಕೇ ಬೇಕು. ಆದರೆ ಈ ಜೀನು ಇದ್ದವರಲ್ಲಿ ಬಹಳಷ್ಟು ಜನಕ್ಕೆ ಕಾಯಿಲೆ ಬರುವುದೇ ಇಲ್ಲ. ಹಾಗಾಗಿ ಜೀನ್ ರಿಪೋರ್ಟಿನಲ್ಲಿ "ಗ್ಲುಟೆನ್ ಅಪಾಯ" ಎಂದು ಕೆಂಪು ಗುರುತು ಕಂಡು ಚಪಾತಿ ಬಿಡುವುದು ತಪ್ಪು. ಲಕ್ಷಣಗಳಿದ್ದರೆ ಟಿಟಿಜಿ ಎಂಬ ರಕ್ತ ಪರೀಕ್ಷೆ ಮೊದಲು, ಅದೂ ಗೋಧಿ ತಿನ್ನುತ್ತಿರುವಾಗಲೇ. ದಕ್ಷಿಣ ಭಾರತದಲ್ಲಿ ಇದು ಉತ್ತರಕ್ಕಿಂತ ತೀರಾ ಅಪರೂಪ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ-1025, ಡಿಡಿಕೆ-1029ರಂಥ ತಳಿ ಕೊಟ್ಟ ಜವೆ ಗೋಧಿಯನ್ನು (ಸದಕ, ಖಪ್ಲಿ ಅಂತಲೂ ಅನ್ನುತ್ತೇವೆ) ಸಕ್ಕರೆಯವರು ಹುಡುಕಿ ಕೊಳ್ಳುತ್ತಾರೆ. ಒಳ್ಳೆಯ ಗೋಧಿ. ಆದರೆ ಅದರಲ್ಲೂ ಗ್ಲುಟೆನ್ ಇದೆ, ಸೀಲಿಯಾಕ್ ಇದ್ದವರು ಮುಟ್ಟಬಾರದು.

ಡಬ್ಬಿ ಮಾರುವವರು ಹೇಳುವ ಜೀನುಗಳು ಬೇರೆ

ತಮ್ಮನಿಗೆ ಬಂದ ಜಾಹೀರಾತಿನಲ್ಲಿ ಇವು ಯಾವುವೂ ಇರಲಿಲ್ಲ. ಅಲ್ಲಿದ್ದದ್ದು ಎಫ್‌ಟಿಒ, ಟಿಸಿಎಫ್7ಎಲ್2 ಇತ್ಯಾದಿ. ಇವು ತೂಕ, ಸಕ್ಕರೆಯ ಕಡೆಗೆ ನಮ್ಮನ್ನು ಸ್ವಲ್ಪ ವಾಲಿಸುವ ಜೀನುಗಳು. ಇಂಥವು ನೂರಾರು ಇವೆ, ಒಂದೊಂದರದೂ ಸಣ್ಣ ಪಾಲು. 2007ರಲ್ಲಿ ಬೆಳಕಿಗೆ ಬಂದ ಎಫ್‌ಟಿಒದ ಅಪಾಯದ ರೂಪ ಅಪ್ಪ ಅವ್ವ ಇಬ್ಬರಿಂದಲೂ ಬಂದವರು ಸರಾಸರಿ ಮೂರು ಕಿಲೋ ಹೆಚ್ಚು ತೂಗುತ್ತಾರೆ. ಕೇಳಿದರೆ ಹಣೆಬರಹದಂತೆ ತೋರುತ್ತದೆ. ಆದರೆ 2016ರಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿ ಜನರ ಪ್ರಯೋಗಗಳ ಮಾಹಿತಿ ಕೂಡಿಸಿ ನೋಡಿದಾಗ, ಊಟ-ವ್ಯಾಯಾಮ ಬದಲಿಸಿದರೆ ಆ ಜೀನು ಇದ್ದವರೂ ಇಲ್ಲದವರಷ್ಟೇ ತೂಕ ಇಳಿಸಿಕೊಂಡಿದ್ದರು.

ಟಿಸಿಎಫ್7ಎಲ್2 ಕಥೆ ನನಗೆ ಇನ್ನೂ ಹತ್ತಿರದ್ದು. ದೊಡ್ಡವರಲ್ಲಿ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಗೆ, ಬಹಳ ಜನರಲ್ಲಿ ಕಾಣುವ ಜೀನುಗಳಲ್ಲಿ ಬಲವಾದದ್ದು ಅದೇ. ಅಮೆರಿಕದಲ್ಲಿ ಸಕ್ಕರೆಯ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಪ್ರಯೋಗವೊಂದಿದೆ. ದೇಹತೂಕದಲ್ಲಿ ನೂರಕ್ಕೆ ಏಳು ಪಾಲು ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು, ಇಷ್ಟೇ ಗುರಿ. 2002ರಲ್ಲಿ ಫಲಿತಾಂಶ ಬಂದಾಗ ಆ ಗುಂಪಿನಲ್ಲಿ ಕಾಯಿಲೆ ಶೇ. 58ರಷ್ಟು ಕಡಿಮೆಯಾಗಿತ್ತು. 2006ರಲ್ಲಿ ಅವರದೇ ಜೀನು ಪರೀಕ್ಷಿಸಿದರು. ಏನೂ ಬದಲಿಸದ ಗುಂಪಿನಲ್ಲಿ ಕೆಟ್ಟ ಜೀನು ತನ್ನ ಕೆಲಸ ಮಾಡಿತ್ತು. ಊಟ ನಡಿಗೆ ಬದಲಿಸಿದವರಲ್ಲಿ ಅದರ ಅಪಾಯ ಎದ್ದು ಕಾಣಲಿಲ್ಲ. ಅಪ್ಪನ ಜೀನು ನನ್ನಲ್ಲಿದೆ ಎಂದು ಕೈಚೆಲ್ಲುವವರಿಗೆ ನಾನು ಪ್ರತಿ ಬಾರಿ ಹೇಳುವುದು ಇದನ್ನೇ. ಅದೇ ವರ್ಷ ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ನಮ್ಮವರ ಮೇಲೂ ಇಂಥದೇ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಭಾರತೀಯರಲ್ಲಿ ಇಳಿಕೆ ಶೇ. 28.5. ಕಡಿಮೆ, ಆದರೂ ಕಾಯಿಲೆ ಬರಬೇಕಿದ್ದ ನೂರು ಮನೆಗಳಲ್ಲಿ ಅಷ್ಟು ಮನೆಗಳು ಎಂದು ಎಣಿಸಿ ನೋಡಿ.

ಜೀನು ನೋಡಿ ಊಟ ಆರಿಸಿದರೆ ಲಾಭವಿದೆಯೇ ಎಂದೂ ನೇರವಾಗಿ ಪರೀಕ್ಷಿಸಿದ್ದಾರೆ. ಸ್ಟ್ಯಾನ್‌ಫರ್ಡಿನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರಿಗೆ ಒಂದು ವರ್ಷ ಕಡಿಮೆ ಜಿಡ್ಡಿನ ಅಥವಾ ಕಡಿಮೆ ಪಿಷ್ಟದ ಊಟ ಕೊಟ್ಟಿತು. 2018ರಲ್ಲಿ ಬಂದ ಫಲಿತಾಂಶ: ಸರಾಸರಿ 5.3 ಕಿಲೋ ಮತ್ತು 6 ಕಿಲೋ ಇಳಿಕೆ. ಜೀನಿಗೆ ಹೊಂದುವ ಊಟ ಸಿಕ್ಕವರು, ಸಿಗದವರು ಎಂಬ ವ್ಯತ್ಯಾಸ ಕಾಣಲಿಲ್ಲ. ಯುರೋಪಿನ ಏಳು ದೇಶಗಳ ಫುಡ್‌ಫಾರ್‌ಮೀ ಪ್ರಯೋಗದಲ್ಲಿ ಸಾವಿರದ ಆರುನೂರು ಜನರಿದ್ದರು. ಅವರವರ ಊಟ ನೋಡಿ ಕೊಟ್ಟ ಸಲಹೆ ಎಲ್ಲರಿಗೂ ಹೇಳುವ ಸಲಹೆಗಿಂತ ಚೆನ್ನಾಗಿ ಕೆಲಸ ಮಾಡಿತು. ಅದರ ಮೇಲೆ ಜೀನಿನ ಮಾಹಿತಿ ಸೇರಿಸಿದಾಗ ಹೆಚ್ಚಿನದೇನೂ ಸಿಗಲಿಲ್ಲ. ಬ್ರಿಟನ್ನಿನಲ್ಲಿ ಸಾವಿರ ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರೆಡಿಕ್ಟ್ ಅಧ್ಯಯನದಲ್ಲಂತೂ ಜೀನು ಪೂರ್ತಿ ಒಂದೇ ಆಗಿರುವ ಅವಳಿಗಳ ಸಕ್ಕರೆಯೂ ಅದೇ ಊಟಕ್ಕೆ ಬೇರೆ ಬೇರೆ ಏರಿತು. ನಿದ್ದೆ, ಊಟದ ಹೊತ್ತು, ಕರುಳಿನ ಜೀವಾಣು, ನಡಿಗೆ ಎಲ್ಲಕ್ಕೂ ಪಾಲಿದೆ. ಅಪ್ಪನಿಗೂ ಕಾಕಾನಿಗೂ ಒಂದೇ ಅಡುಗೆಯಾದರೂ, ಅಪ್ಪ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಕುರ್ಚಿಯ ಮೇಲೆ ಕುಳಿತು ಲೆಕ್ಕ ಬರೆದವರು, ಕಾಕಾ ಹೊಲದಲ್ಲಿ ಎತ್ತಿನ ಹಿಂದೆ ನಡೆದವರು. ಇದು ನನಗೆ ಹೊಳೆದದ್ದು ಅಪ್ಪ ತೀರಿಹೋದ ಮೇಲೆ.

ಇನ್ನೆರಡು ಕಾರಣಕ್ಕೆ ನಾನು ತಮ್ಮನಿಗೆ ಡಬ್ಬಿಗೆ ಅವಸರ ಮಾಡಬೇಡ ಎನ್ನುತ್ತೇನೆ. ಇಂಥ ಜೀನುಗಳ ಅಧ್ಯಯನಗಳಲ್ಲಿ ಭಾಗವಹಿಸಿದವರು ಬಹುಪಾಲು ಯುರೋಪ್ ಮೂಲದವರು, ನಮಗೆ ಅದೇ ಲೆಕ್ಕ ಹೊಂದಬೇಕೆಂದಿಲ್ಲ. ಎರಡನೆಯದು, ಆ ಉಗುಳಿನಲ್ಲಿ ನಿನ್ನ ಸುದ್ದಿಯ ಜೊತೆಗೆ ನನ್ನದು, ನಿನ್ನ ಮಕ್ಕಳದು ಅರ್ಧ ಹೋಗುತ್ತದೆ. ಮಾದರಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ, ಅಳಿಸಿ ಎಂದರೆ ಅಳಿಸುತ್ತಾರೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯದೆ ಸಹಿ ಹಾಕಬೇಡಿ.

ಹಾಗೆಂದು ಜೀನಿನ ವಿಜ್ಞಾನ ನಮಗೆ ಬೇಡವೆಂದಲ್ಲ. ಅದರಲ್ಲಿ ನನ್ನನ್ನು ಪುಳಕಗೊಳಿಸಿದ ಒಂದು ಸಂಗತಿ ಇದೆ. 2016ರಲ್ಲಿ ಪುಣೆಯ ಹೆಚ್ಚಾಗಿ ಸಸ್ಯಾಹಾರಿಗಳಾದ ಜನರನ್ನು ಅಮೆರಿಕದವರ ಜೊತೆ ಹೋಲಿಸಿದಾಗ, ಫ್ಯಾಡ್ಸ್2 ಜೀನಿನಲ್ಲಿ 22 ಅಕ್ಷರ ಹೆಚ್ಚಿರುವ ರೂಪದ ಜೋಡಿ ನಮ್ಮವರಲ್ಲಿ ಶೇ. 68 ಜನಕ್ಕೆ ಇತ್ತು, ಅವರಲ್ಲಿ ಶೇ. 18 ಜನಕ್ಕೆ. ಗಿಡದ ಎಣ್ಣೆಯಲ್ಲಿರುವ ಚಿಕ್ಕ ಕೊಬ್ಬಿನಾಮ್ಲಗಳನ್ನು ದೇಹಕ್ಕೆ ಬೇಕಾದ ಉದ್ದ ಸರಪಳಿಯವಾಗಿ ಕಟ್ಟುವ ಕೆಲಸಕ್ಕೆ ಈ ರೂಪ ನೆರವಾಗುತ್ತದೆ. ಮೀನು ತಿನ್ನದ ತಲೆಮಾರುಗಳ ಊಟವೇ ಜೀನನ್ನು ಆರಿಸಿರಬಹುದು ಎಂಬುದು ಸಂಶೋಧಕರ ಊಹೆ. ಆದರೆ ಅದೇ ಜೀನು ಸೂರ್ಯಕಾಂತಿ, ಸೋಯಾ ಎಣ್ಣೆಯ ಒಮೆಗಾ-6 ಅನ್ನೂ ಅಷ್ಟೇ ಚುರುಕಾಗಿ ಕಟ್ಟುತ್ತದೆ, ಅದು ಅತಿಯಾದರೆ ಉರಿಯೂತದ ಕಡೆಗೆ ವಾಲಬಹುದು. ನಾನು ಇದರಿಂದ ಮಾಡಿಕೊಂಡ ಬದಲಾವಣೆ ಇಷ್ಟು: ಕರಿದದ್ದು ಇಳಿಸಿದೆ, ರೊಟ್ಟಿಯ ಬದಿಗೆ ಅಗಸಿ ಹಿಂಡಿ ದಿನವೂ ಇಟ್ಟೆ. ಅಗಸಿಯಲ್ಲಿ ಒಮೆಗಾ-3 ಹೇರಳ. ಅವ್ವ ಕುಟ್ಟುತ್ತಿದ್ದದ್ದೂ ಅದನ್ನೇ.

ಮೊದಲ ದುಡ್ಡು ಎಲ್ಲಿ ಹಾಕಬೇಕು

ಮನೆತನದ ಇತಿಹಾಸ ಪುಕ್ಕಟೆ ಸಿಗುವ ಜೀನ್ ಪರೀಕ್ಷೆ. ಒಂದು ಹಾಳೆಯಲ್ಲಿ ಅಜ್ಜ ಅಜ್ಜಿ, ಅಪ್ಪ ಅವ್ವ, ಕಾಕಾ, ಅತ್ತೆ, ಸೋದರಮಾವ ಎಲ್ಲರ ಹೆಸರು ಬರೆದು ಯಾರಿಗೆ ಯಾವ ಕಾಯಿಲೆ ಎಷ್ಟನೇ ವಯಸ್ಸಿಗೆ ಬಂತೆಂದು ಗುರುತು ಹಾಕಿ. ಗಂಡಸರಿಗೆ ಐವತ್ತೈದಕ್ಕೆ ಮೊದಲು, ಹೆಂಗಸರಿಗೆ ಅರವತ್ತೈದಕ್ಕೆ ಮೊದಲು ಹೃದಯಾಘಾತವಾದ ಮನೆತನವಾದರೆ ವೈದ್ಯರಿಗೆ ಮೊದಲು ಅದನ್ನೇ ಹೇಳಿ.

ಆಮೇಲೆ ಸೊಂಟ ಅಳೆಯುವ ಟೇಪು. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯಡ್ಕಿನ್ ತಮ್ಮಿಬ್ಬರದೇ ಫೋಟೊ ಹಾಕಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ಯಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತೆಳ್ಳಗೆ ಕಂಡರೂ ನಮ್ಮ ಕೊಬ್ಬು ಹೊಟ್ಟೆಯೊಳಗೆ ಕೂರುತ್ತದೆ. ಅದಕ್ಕೇ ನಮಗೆ ಬಿಎಂಐ 23 ದಾಟಿದರೇ ಎಚ್ಚರ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ.

ರಕ್ತದಲ್ಲಿ ಮೂರು ಸಾಕು ಶುರುವಿಗೆ. ಬರಿಹೊಟ್ಟೆಯ ಸಕ್ಕರೆ 100ರಿಂದ 125, ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ಅಂಕಿ) 5.7ರಿಂದ 6.4 ಇದ್ದರೆ ಅಂಚಿನಲ್ಲಿದ್ದೀರಿ. 126 ಅಥವಾ 6.5 ಮುಟ್ಟಿದರೆ, ಮತ್ತೊಮ್ಮೆ ಖಾತ್ರಿಮಾಡಿಕೊಂಡು, ಸಕ್ಕರೆ ಕಾಯಿಲೆ. ರಕ್ತಹೀನತೆ ಅಥವಾ ಥಲಸ್ಸೀಮಿಯಾ ಇದ್ದವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು. ನನ್ನ ತಂಗಿಯಂಥವರು ಬರಿಹೊಟ್ಟೆ ಮತ್ತು ಊಟದ ನಂತರದ ಸಕ್ಕರೆ ನೋಡಿಸಬೇಕು. ಎರಡನೆಯದು ಕೊಲೆಸ್ಟ್ರಾಲಿನ ಲಿಪಿಡ್ ಪ್ರೊಫೈಲ್. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 190 ದಾಟಿದರೆ ಊಟದ ತಪ್ಪಿಗಿಂತ ವಂಶದ ಕೊಡುಗೆ ಇರಬಹುದು, ಔಷಧ ಬೇಕಾದೀತು. ಮೂರನೆಯದು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಬಗೆಯ ಕಣ, ಲೈಪೊಪ್ರೋಟೀನ್ (ಎ). ಇದರ ಮಟ್ಟವನ್ನು ಹೆಚ್ಚುಕಡಿಮೆ ಪೂರ್ತಿ ಜೀನೇ ನಿರ್ಧರಿಸುತ್ತದೆ, ಊಟದಿಂದ ಅಷ್ಟೇನೂ ಕದಲುವುದಿಲ್ಲ, ಹಾಗಾಗಿ ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಹೆಚ್ಚಿದ್ದರೆ ಉಳಿದ ಎಲ್ಲದರಲ್ಲೂ ಬಿಗಿಯಾಗಿರಬೇಕೆಂದು ಅರ್ಥ. ಸರಕಾರಿ ಆಸ್ಪತ್ರೆಗಳ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಉಚಿತವಾಗಿ ನೋಡುತ್ತಾರೆ.

ಬೆರಳ ತುದಿಯ ಹನಿ

"ನನಗೆ ಯಾವ ಊಟ ಆಗುತ್ತದೆ" ಎಂಬ ತಮ್ಮನ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಉತ್ತರ ಗ್ಲುಕೋಮೀಟರ್ ಕೊಡುತ್ತದೆ. ಊಟಕ್ಕೆ ಮೊದಲೊಂದು ಹನಿ, ಮೊದಲ ತುತ್ತಿನಿಂದ ಒಂದು ತಾಸಿಗೆ ಒಂದು, ಎರಡು ತಾಸಿಗೆ ಇನ್ನೊಂದು. ಇವತ್ತು ಎರಡು ಜೋಳದ ರೊಟ್ಟಿ, ಝುಣಕ. ನಾಳೆ ಅದೇ ಹೊತ್ತಿಗೆ ಅನ್ನ ಸಾರು. ನಾಡಿದ್ದು ನವಣೆ ಅನ್ನ. ಹಾವೇರಿಯವರಾದರೆ ಸಾವೆ ಅನ್ನವನ್ನೂ ಸೇರಿಸಿ, ನಿಮ್ಮ ಹೊಲದ್ದೇ ಅದು. ಸಂಜೆಯ ಗಿರ್ಮಿಟ್ಟನ್ನು ಬಿಡಬೇಡಿ. ಚುರುಮರಿ ಹಗುರ ಎಂದುಕೊಳ್ಳುತ್ತೇವೆ, ಉಬ್ಬಿದ ಅಕ್ಕಿ ಬಲು ಬೇಗ ಸಕ್ಕರೆಯಾಗುತ್ತದೆ. ಪ್ರತಿ ಊಟವನ್ನೂ ಎರಡು ಸಲ ಪರೀಕ್ಷಿಸಿ. ಮೀಟರಿನಲ್ಲೇ ಶೇ. 15ರವರೆಗೆ ಹೆಚ್ಚುಕಡಿಮೆ ಇರಬಹುದು, ಹತ್ತರ ವ್ಯತ್ಯಾಸಕ್ಕೆ ಅರ್ಥ ಹಚ್ಚಬಾರದು. ಮೂವತ್ತು ನಲವತ್ತರ ವ್ಯತ್ಯಾಸ ಎರಡೂ ಸಲ ಬಂದರೆ ನಂಬಿ. ಆಮೇಲೆ ಅದೇ ಊಟದಲ್ಲಿ ಮೊದಲು ಕಾಳುಪಲ್ಯ, ಹಸಿ ಸೌತೆ, ಮೆಂತ್ಯೆ ಸೊಪ್ಪು ತಿಂದು ಕಡೆಗೆ ರೊಟ್ಟಿಗೆ ಬನ್ನಿ, ಉಂಡ ಮೇಲೆ ಹದಿನೈದು ನಿಮಿಷ ನಡೆಯಿರಿ, ಅಂಕಿ ನೋಡಿ. ಈಗಾಗಲೇ ಇನ್ಸುಲಿನ್ ಅಥವಾ ಸಕ್ಕರೆಯ ಗುಳಿಗೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟ ಇಳಿಸಬೇಡಿ, ಸಕ್ಕರೆ ಅಪಾಯದ ಮಟ್ಟಕ್ಕೆ ಬಿದ್ದೀತು.

ತೋಳಿಗೆ ಅಂಟಿಸುವ ಸೆನ್ಸರ್ ಎರಡು ವಾರ ಹಗಲು ರಾತ್ರಿ ಅಳೆಯುತ್ತದೆ. ಇನ್ಸುಲಿನ್ ಹಾಕಿಕೊಳ್ಳುವವರಿಗೆ ಅದು ವರದಾನ. ಕಾಯಿಲೆ ಇಲ್ಲದವರಿಗೆ ಒಂದಕ್ಕೆ ಕೆಲವು ಸಾವಿರ ಕೊಟ್ಟು ಪ್ರತಿ ಏರಿಳಿತಕ್ಕೂ ಹೆದರುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಅದೇ ಮನುಷ್ಯ ಅದೇ ಊಟವನ್ನು ಮತ್ತೊಮ್ಮೆ ಉಂಡಾಗಲೂ ಅಂಕಿ ಗಣನೀಯವಾಗಿ ಬೇರೆಯಾಗುತ್ತದೆ.

ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ವಿಜ್ಞಾನ ದೊಡ್ಡದು, ಆದರೆ ಆ ಪಟ್ಟಿ ನೋಡಿ ಇಂಥದ್ದನ್ನು ಉಣ್ಣು ಎಂದು ಹೇಳುವಷ್ಟು ಅದು ಬೆಳೆದಿಲ್ಲ.

ಆಹಾರ ತಜ್ಞರನ್ನು ಆರಿಸುವಾಗ ಭಾರತೀಯ ಆಹಾರ ತಜ್ಞರ ಸಂಘದ ಆರ್‌ಡಿ (ರಿಜಿಸ್ಟರ್ಡ್ ಡಯಟಿಷಿಯನ್) ನೋಂದಣಿ ಇದೆಯೇ ಕೇಳಿ. ಅದಕ್ಕಿಂತ ಮುಖ್ಯ, ಮೊದಲ ಭೇಟಿಯಲ್ಲಿ ಅವರು ನಿಮ್ಮನ್ನು ಏನು ಕೇಳುತ್ತಾರೆ ಗಮನಿಸಿ. ಮನೆಯಲ್ಲಿ ಅಡುಗೆ ಮಾಡುವವರು ಯಾರು, ಬುತ್ತಿ ಕಟ್ಟಿಕೊಂಡು ಹೋಗುತ್ತೀರೋ, ರೊಟ್ಟಿ ಎಷ್ಟು ದೊಡ್ಡದು, ಸೋಮವಾರ ಒಪ್ಪತ್ತು ಇದೆಯೇ ಎಂದು ಕೇಳಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಏನೂ ಕೇಳದೆ ಓಟ್ಸ್, ಕ್ವಿನೋವಾ ಎಂದು ಮುದ್ರಿಸಿದ ಹಾಳೆ ಕೈಗಿಟ್ಟರೆ ಎದ್ದು ಬನ್ನಿ. ಫುಡ್‌ಫಾರ್‌ಮೀ ಪ್ರಯೋಗದಲ್ಲಿ ಫಲ ಕೊಟ್ಟದ್ದು ಅವರವರ ತಾಟು ನೋಡಿ ಹೇಳಿದ ಮಾತೇ.

ತಮ್ಮ ಡಬ್ಬಿ ತರಿಸಲಿಲ್ಲ. ಹಾವೇರಿಯಲ್ಲೇ ರಕ್ತ ಕೊಟ್ಟ. ಎಚ್‌ಬಿಎ1ಸಿ 5.9, ಸೊಂಟ 96. ಮೀಟರು, ರಕ್ತದ ಹನಿ ಹಾಕುವ ಐವತ್ತು ಪಟ್ಟಿ ಕೊಂಡ. ಮೊದಲ ವಾರದ ಲೆಕ್ಕವನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದು ಫೋಟೊ ಕಳಿಸಿದ್ದಾನೆ. ರೊಟ್ಟಿ-ಝುಣಕದ ಸಾಲಿನ ಎದುರು ಹಸಿರು ಗೆರೆ, ಭಾನುವಾರದ ಗಿರ್ಮಿಟ್ ಮಿರ್ಚಿಯ ಎದುರು ಕೆಂಪು. ಕೆಳಗೆ ಒಂದು ಸಾಲು: "ಅಕ್ಕಾ, ಕಾಕಾನ ಕೂಡ ಬೆಳಿಗ್ಗೆ ಹೊಲಕ್ಕ ನಡಕೊಂತ ಹೊಂಟೀನಿ. ಎರಡೂವರಿ ಕಿಲೋಮೀಟರ್ ಐತಿ."